ಕಿಸೆಯಲ್ಲಿ ಉಳಿದ ಕೀಲಿಕೈ

ದುಡ್ಡು ಕೊಟ್ಟು ಸಿನೆಮಾ ನೋಡುವವರುಂಟು, ನಾಟಕ ನೋಡುವವರುಂಟು, ಜಾತ್ರೆಯಲ್ಲಿ ತೊಟ್ಟಿಲು ಏರಿ ತಲೆ ತಿರುಗಿಸಿಕೊಳ್ಳುವವರೂ ಉಂಟು. ಆದರೆ ದುಡ್ಡು ಕೊಟ್ಟು ಒಂದು ಕೋಣೆಯಲ್ಲಿ ಕೂಡಿಹಾಕಿಸಿಕೊಂಡು, ಅಲ್ಲಿಂದ ಹೊರಗೆ ಬರಲು ಒಂದು ತಾಸು ಒದ್ದಾಡುವವರು ಉಂಟೇ ಎಂದು ಹದಿನೈದು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ ನಾವು ನಕ್ಕುಬಿಡುತ್ತಿದ್ದೆವು. ಮುಂಬಯಿಯ ಲೋಕಲ್ ಗಾಡಿಯಲ್ಲಿ ದಿನಕ್ಕೆ ಎರಡು ಸಲ ಪುಕ್ಕಟೆಯಾಗಿಯೇ ಸಿಗುವ ಸುಖಕ್ಕೆ ಬೇರೆ ಟಿಕೇಟು ಬೇಕೇ ಎನ್ನುತ್ತಿದ್ದೆವು. ಆದರೆ ಕಳೆದ ಏಪ್ರಿಲ್ ತಿಂಗಳ ಒಂದು ಭಾನುವಾರ ನಾವೇ, ನಲವತ್ತು ದಾಟಿದ ಕೇಂದ್ರ ಸರ್ಕಾರದ ಗುಮಾಸ್ತರು, ತಲೆಗೆ ಸಾವಿರ ರೂಪಾಯಿಯ ಹತ್ತಿರ ತೆತ್ತು ಅಂಥ ಕೋಣೆಯೊಂದನ್ನು ಹೊಕ್ಕು ಬಂದೆವು. ಆಟದಲ್ಲಿ ಸೋತೆವು. ಸೋತದ್ದಕ್ಕೆ ಕಾರಣ ನಮ್ಮ ಕಿಸೆಯಲ್ಲಿಯೇ ಇತ್ತು. ಅದರ ವಿಚಾರ ಓದುಗರೊಡನೆ ಹಂಚಿಕೊಳ್ಳಬೇಕೆಂದು ಈ ಬರಹ.

ಮೊದಲು ಆಟವೇನೆಂಬುದನ್ನು ಹೇಳಿಬಿಡೋಣ. ಸಂಘದ ಅನೇಕ ಹಿರಿಯರಿಗೆ ಇದು ಹೊಸದಿರಬಹುದು. ಇದರ ಹೆಸರು ಎಸ್ಕೇಪ್ ರೂಮ್, ಅಂದರೆ ಪಾರಾಗುವ ಕೋಣೆ. ಎರಡರಿಂದ ಎಂಟು ಜನರ ಒಂದು ತಂಡವನ್ನು ಒಂದು ಕೋಣೆಯೊಳಗೆ ಬಿಟ್ಟು ಬಾಗಿಲು ಮುಚ್ಚುತ್ತಾರೆ. ಕೋಣೆಗೊಂದು ಕಥೆ ಇರುತ್ತದೆ. ಅದು ಪತ್ತೇದಾರನ ಕಚೇರಿ ಇರಬಹುದು, ಹಡಗಿನ ತಳಭಾಗ ಇರಬಹುದು, ಯಾವನೋ ವಿಜ್ಞಾನಿಯ ಪ್ರಯೋಗಶಾಲೆ ಇರಬಹುದು. ಒಳಗೆ ಪೆಟ್ಟಿಗೆಗಳು, ಬೀಗಗಳು, ಚಿತ್ರಪಟಗಳು, ಪುಸ್ತಕಗಳು, ಗಡಿಯಾರಗಳು. ಒಂದರಲ್ಲಿ ಇನ್ನೊಂದರ ಸುಳಿವು ಅಡಗಿರುತ್ತದೆ. ಒಂದು ಬೀಗ ತೆಗೆದರೆ ಮತ್ತೊಂದು ಒಗಟು ಸಿಗುತ್ತದೆ, ಆ ಒಗಟು ಬಿಡಿಸಿದರೆ ಮುಂದಿನ ಬೀಗದ ಅಂಕಿ ಸಿಗುತ್ತದೆ. ಹೀಗೆ 60 ನಿಮಿಷದೊಳಗೆ ಕೊನೆಯ ಬಾಗಿಲು ತೆಗೆದು ಹೊರಬಿದ್ದರೆ ಗೆದ್ದಂತೆ. ಹೊರಗೆ ಒಬ್ಬರು ಕ್ಯಾಮೆರಾದ ಮೂಲಕ ಎಲ್ಲವನ್ನೂ ನೋಡುತ್ತ ಕೂತಿರುತ್ತಾರೆ. ಅವರನ್ನು ಗೇಮ್ ಮಾಸ್ಟರ್ ಎನ್ನುತ್ತಾರೆ. ಕೇಳಿದರೆ ಸುಳಿವು ಕೊಡುತ್ತಾರೆ. ಬಲಪ್ರಯೋಗಕ್ಕೆ ಇಲ್ಲಿ ಬೆಲೆಯಿಲ್ಲ, ಓಟವಿಲ್ಲ, ಎದುರಾಳಿಯೂ ಇಲ್ಲ. ಎದುರಾಳಿ ಗೋಡೆಯ ಮೇಲಿನ ಗಡಿಯಾರವೊಂದೇ.

ಈ ಆಟದ ಪ್ರಾಯ ಇಪ್ಪತ್ತು ವರ್ಷದ ಆಸುಪಾಸು. ಮೊದಲು ಇದು ಕಂಪ್ಯೂಟರಿನ ಪರದೆಯ ಮೇಲಿತ್ತು. 2004ರಲ್ಲಿ ಜಪಾನಿನ ತೊಶಿಮಿತ್ಸು ಟಕಾಗಿ ಎಂಬುವರು 'ಕ್ರಿಮ್ಸನ್ ರೂಮ್' ಎಂಬ ಆಟ ಮಾಡಿದರು. ಕೆಂಪು ಕೋಣೆಯೊಂದರಲ್ಲಿ ಸಿಕ್ಕಿಕೊಂಡವನು ಅಲ್ಲಿನ ವಸ್ತುಗಳನ್ನೇ ಹುಡುಕಿ ಹೊರಬರಬೇಕು. 2007ರಲ್ಲಿ ಕ್ಯೋಟೊ ನಗರದ ಟಕಾವೊ ಕಾಟೊ ಎಂಬುವರು ಇಂಥ ಆಟವನ್ನು ಪರದೆಯಿಂದ ಇಳಿಸಿ ನಿಜವಾದ ಕೋಣೆಗೆ, ನಿಜವಾದ ಜನರ ನಡುವೆ ತಂದರು. ಅವರ ಸಂಸ್ಥೆಯ ಹೆಸರು ಸ್ಕ್ರ್ಯಾಪ್. 2011ರಲ್ಲಿ ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಅಟಿಲಾ ಗ್ಯುರ್ಕೊವಿಚ್ ಎಂಬುವರು 'ಪ್ಯಾರಾಪಾರ್ಕ್' ಆರಂಭಿಸಿದರು; ಯೂರೋಪಿನಲ್ಲಿ ಈ ಆಟ ಹಬ್ಬಿದ್ದು ಅದರ ನಂತರ. ಈಗ ಮುಂಬಯಿ, ಪುಣೆ, ದೆಹಲಿ, ಹೈದರಾಬಾದು, ಚೆನ್ನೈ, ನಮ್ಮ ಬೆಂಗಳೂರು ಎಲ್ಲ ಕಡೆಯೂ ಇಂಥ ಕೋಣೆಗಳಿವೆ. ಮಕ್ಕಳು ಹುಟ್ಟುಹಬ್ಬಕ್ಕೆ ಹೋಗುತ್ತಾರೆ. ಕಂಪನಿಗಳು ತಮ್ಮ ನೌಕರರಿಗೆ ಒಗ್ಗಟ್ಟು ಕಲಿಸಲು ಕರೆದೊಯ್ಯುತ್ತವೆ.

ಕೆನಡಾದ ವಿಲ್ಫ್ರಿಡ್ ಲಾರಿಯರ್ ವಿಶ್ವವಿದ್ಯಾಲಯದ ಸ್ಕಾಟ್ ನಿಕೊಲ್ಸನ್ ಎಂಬ ಪ್ರಾಧ್ಯಾಪಕರು 2015ರಲ್ಲಿ ಬೇರೆ ಬೇರೆ ದೇಶಗಳ 175 ಕೇಂದ್ರಗಳಿಂದ ಮಾಹಿತಿ ತರಿಸಿ ಒಂದು ಸಮೀಕ್ಷೆ ಪ್ರಕಟಿಸಿದರು. ಅದರ ಪ್ರಕಾರ ನೂರು ತಂಡಗಳಲ್ಲಿ ಸುಮಾರು ನಲವತ್ತು ಮಾತ್ರ ವೇಳೆಯೊಳಗೆ ಹೊರಬರುತ್ತವೆ. ಅಂದಮೇಲೆ ಮೊದಲ ಸಲ ಹೋದವರು ಸೋತರೆ ನಾಚಿಕೆಪಡಬೇಕಾದ್ದಿಲ್ಲ.

ಹೋಗುವ ಮುಂಚೆ ನಾವೂ ಒಂದು ಲೆಕ್ಕ ಹಾಕಿದ್ದೆವು. ಬಿ.ಎಸ್ಸಿ. ಓದಿದವರಲ್ಲವೇ, ಓದಿದ್ದು ಕಡತಗಳ ಧೂಳಿನಲ್ಲಿ ಹೂತುಹೋಗಿದ್ದರೂ ಲೆಕ್ಕದ ಚಪಲ ಉಳಿದಿದೆ. ಮೂರು ಅಂಕಿಯ ಬೀಗಕ್ಕೆ ಸಾಧ್ಯವಿರುವ ಸಂಖ್ಯೆಗಳು 1,000. ಒಂದೊಂದಕ್ಕೆ ಮೂರು ಸೆಕೆಂಡು ಹಿಡಿದರೆ ಎಲ್ಲವನ್ನೂ ತಿರುಗಿಸಿ ನೋಡಲು 50 ನಿಮಿಷ. ನಾಲ್ಕು ಅಂಕಿಯದಾದರೆ 10,000 ಸಂಖ್ಯೆಗಳು. 8 ತಾಸು 20 ನಿಮಿಷ. ಆದ್ದರಿಂದ ಬೀಗದ ಮುಂದೆ ಕೂತು ಅದೃಷ್ಟ ಪರೀಕ್ಷೆ ಮಾಡುವುದು ದಂಡ. ಆದರೆ ಮೂರರಲ್ಲಿ ಎರಡು ಅಂಕಿ ಗೊತ್ತಾದರೆ ಹತ್ತೇ ಸಲ ತಿರುಗಿಸಿದರೆ ಸಾಕು, ಅರ್ಧ ನಿಮಿಷದ ಕೆಲಸ. ಗೊತ್ತಿಲ್ಲದ್ದು ಸಾವಿರದಷ್ಟಿದ್ದರೂ ಗೊತ್ತಿರುವ ಎರಡು ತುಣುಕು ಒಂದೆಡೆ ಸೇರಿದರೆ ಅದು ಹತ್ತಕ್ಕೆ ಇಳಿಯುತ್ತದೆ. ಆ ಎರಡು ತುಣುಕು ಇಬ್ಬರು ಬೇರೆ ಬೇರೆ ಜನರ ಹತ್ತಿರ ಇದ್ದು, ಅವರು ಒಬ್ಬರಿಗೊಬ್ಬರು ಹೇಳದೆ ಹೋದರೆ ಮಾತ್ರ ಇಬ್ಬರ ಪಾಲಿಗೂ ನೂರು ನೂರು ಉಳಿಯುತ್ತದೆ. ಈ ಲೆಕ್ಕವನ್ನು ಲೋಕಲ್ ಗಾಡಿಯಲ್ಲಿ ಮನೆಯವರಿಗೆ ವಿವರಿಸಿ ಹೇಳಿದವರೂ ನಾವೇ. ಮುಂದೆ ನಡೆದದ್ದನ್ನು ಕೇಳಿದರೆ ಓದುಗರು ನಗುತ್ತೀರಿ.

ಕೋಣೆಯ ಉಪಕರಣಗಳಲ್ಲಿಯೂ ಶಾಲೆಯ ವಿಜ್ಞಾನವೇ ಇರುತ್ತದೆ. ಬರಿಗಣ್ಣಿಗೆ ಖಾಲಿಯಾಗಿ ಕಾಣುವ ಕಾಗದದ ಮೇಲೆ ನೇರಳಾತೀತ ದೀಪ ಹಿಡಿದರೆ ಅಕ್ಷರಗಳು ಹೊಳೆಯುತ್ತವೆ. ಬ್ಯಾಂಕಿನ ಕ್ಯಾಶಿಯರು ನೋಟು ಪರೀಕ್ಷಿಸುವ ದೀಪ ಅದೇ. ಒಂದು ಗೊಂಬೆಯನ್ನು ಇಂಥ ಜಾಗದಲ್ಲಿಯೇ ಇಟ್ಟರೆ ಎಲ್ಲಿಯೋ ಒಂದು ಖಾನೆ ತಾನಾಗಿ ತೆರೆದುಕೊಳ್ಳುತ್ತದೆ; ಗೊಂಬೆಯ ಬುಡದಲ್ಲಿ ಅಯಸ್ಕಾಂತ, ಹಲಗೆಯ ಕೆಳಗೆ ಅದಕ್ಕೆ ಸ್ಪಂದಿಸುವ ಸಣ್ಣ ಸ್ವಿಚ್ಚು. ಬಾಗಿಲಿಗೆ ಸಾಮಾನ್ಯವಾಗಿ ವಿದ್ಯುತ್ಕಾಂತದ ಬೀಗ ಇರುತ್ತದೆ. ವಿದ್ಯುತ್ತು ಹರಿಯುತ್ತಿರುವವರೆಗೆ ಅದು ಬಾಗಿಲನ್ನು ಹಿಡಿದಿರುತ್ತದೆ, ನಿಂತೊಡನೆ ಬಿಟ್ಟುಬಿಡುತ್ತದೆ. ಕರೆಂಟು ಹೋದರೆ ಒಳಗಿದ್ದವರು ಸಿಕ್ಕಿಬೀಳದಿರಲಿ ಎಂಬ ಎಚ್ಚರಿಕೆ ಅದರಲ್ಲಿದೆ.

ಈ ಎಚ್ಚರಿಕೆಯ ಮಾತನ್ನು ಸ್ವಲ್ಪ ಒತ್ತಿ ಹೇಳಬೇಕು. 2019ರ ಜನವರಿ 4ರಂದು ಪೋಲೆಂಡ್ ದೇಶದ ಕೊಷಾಲಿನ್ ಎಂಬ ಊರಿನಲ್ಲಿ ಇಂಥದೇ ಒಂದು ಕೋಣೆಗೆ ಬೆಂಕಿ ಬಿತ್ತು. ಹುಟ್ಟುಹಬ್ಬ ಆಚರಿಸಲು ಹೋಗಿದ್ದ ಐದು ಜನ ಹುಡುಗಿಯರು, ಎಲ್ಲರೂ 15 ವರ್ಷದವರು, ಒಳಗೇ ಸತ್ತರು. ಅವರನ್ನು ಕೊಂದದ್ದು ಜ್ವಾಲೆಯಲ್ಲ, ಕಾರ್ಬನ್ ಮಾನಾಕ್ಸೈಡ್; ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲ. ಆ ಕೋಣೆಗೆ ಒಳಗಿನಿಂದ ತೆಗೆಯಬಹುದಾದ ದಾರಿ ಇರಲಿಲ್ಲ. ಆಮೇಲೆ ಆ ದೇಶದಾದ್ಯಂತ ತಪಾಸಣೆ ನಡೆದು ಎಷ್ಟೋ ಕೋಣೆಗಳನ್ನು ಮುಚ್ಚಿಸಿದರು. ಆದ್ದರಿಂದ ಮೊದಲ ಸಲ ಹೋಗುವವರು ಸಂಕೋಚ ಬಿಟ್ಟು ಕೇಳಬೇಕಾದ ಮೊದಲ ಪ್ರಶ್ನೆ: ಅವಸರ ಬಿದ್ದರೆ ಈ ಬಾಗಿಲನ್ನು ನಾವೇ ಒಳಗಿನಿಂದ ತೆಗೆಯುವುದು ಹೇಗೆ? ತೆಗೆದು ತೋರಿಸಿರೆಂದು ಹೇಳಿ. ತೋರಿಸದಿದ್ದರೆ ದುಡ್ಡು ಹೋದರೂ ಹೋಗಲಿ, ತಿರುಗಿ ಬನ್ನಿ. ಬಾಗಿಲು ಮುಚ್ಚಿರುವುದು ಆಟಕ್ಕೆ ಮಾತ್ರವಾಗಿರಬೇಕು.

ಉಳಿದ ಸೂಚನೆಗಳು ಸುಲಭ. ಎರಡು ಬೆರಳಿನ ಬಲಕ್ಕಿಂತ ಹೆಚ್ಚು ಬಲ ಎಲ್ಲಿಯೂ ಬೇಕಾಗುವುದಿಲ್ಲ. ಎಳೆದಾಡಬೇಡಿ, ಕುರ್ಚಿ ಹತ್ತಬೇಡಿ, ವಿದ್ಯುತ್ ಫಲಕ ಮುಟ್ಟಬೇಡಿ. ಒಳಗೆ ಹೋದೊಡನೆ ಎಲ್ಲರೂ ಒಂದೇ ಬೀಗದ ಸುತ್ತ ಮುತ್ತಿಕೊಳ್ಳದೆ ಹರಡಿಕೊಂಡು ಹುಡುಕಿ. ಖಾನೆಯ ಅಡಿಭಾಗ, ಚಿತ್ರದ ಹಿಂಭಾಗ, ಅಂಗಿಯ ಕಿಸೆ ಯಾವುದನ್ನೂ ಬಿಡಬೇಡಿ. ಒಂದು ಸಲ ಕೆಲಸಕ್ಕೆ ಬಂದ ಕೀಲಿಕೈ ಸಾಮಾನ್ಯವಾಗಿ ಮತ್ತೆ ಬೇಕಾಗುವುದಿಲ್ಲ, ಅದನ್ನು ಅದೇ ಬೀಗದಲ್ಲಿ ಬಿಡಿ. ಒಂದೇ ಒಗಟಿನ ಮೇಲೆ ಐದು ನಿಮಿಷ ಕೂತರೂ ಬಗೆಹರಿಯದಿದ್ದರೆ ಜಾಗ ಬದಲಾಯಿಸಿ ಇನ್ನೊಬ್ಬರಿಗೆ ಕೊಡಿ. ಸುಳಿವು ಕೇಳುವುದು ಅವಮಾನವಲ್ಲ. ಚಿಕ್ಕ ಮಕ್ಕಳನ್ನೂ, ಮುಚ್ಚಿದ ಜಾಗಕ್ಕೆ ಹೆದರುವವರನ್ನೂ ದೆವ್ವದ ಕಥೆಯ ಕೋಣೆಗೆ ಒಯ್ಯಬೇಡಿ. ಇವೆಲ್ಲಕ್ಕಿಂತ ಮುಖ್ಯವಾದ ನಿಯಮ ಒಂದುಂಟು. ಏನು ಸಿಕ್ಕಿದರೂ ಗಟ್ಟಿಯಾಗಿ ಕೂಗಿ ಹೇಳಿ, ಮತ್ತು ಎಲ್ಲರಿಗೂ ಕಾಣುವಂತೆ ಒಂದು ಮೇಜಿನ ಮೇಲೆ ಇಡಿ.

ಈ ಕೊನೆಯ ನಿಯಮವನ್ನು ನಮಗೂ ಒಳಗೆ ಬಿಡುವ ಮೊದಲು ಸ್ಪಷ್ಟವಾಗಿ ಹೇಳಿದ್ದರು. ನಾವು ತಲೆಯಾಡಿಸಿಯೂ ಇದ್ದೆವು.

ನಮ್ಮದು ಐದು ಜನರ ತಂಡ: ನಾವು, ನಮ್ಮ ಮನೆಯವರು, ಹನ್ನೊಂದನೆಯ ಇಯತ್ತೆಯ ಪರೀಕ್ಷೆ ಮುಗಿಸಿದ್ದ ಮಗಳು, ಅವಳ ಗೆಳತಿಯಾದ ನೆರೆಮನೆಯ ಮರಾಠಿ ಹುಡುಗಿ, ಮತ್ತು ಗದಗಿನಿಂದ ರಜೆಗೆ ಬಂದಿದ್ದ ನಮ್ಮ ಭಾವಮೈದುನನ ಮಗ. ಅಲ್ಲಿನ ಒಗಟುಗಳನ್ನು ಹೊರಗೆ ಹೇಳುವುದಿಲ್ಲವೆಂದು ಮಾತು ಕೊಟ್ಟು ಬಂದಿರುವುದರಿಂದ ಕೋಣೆಯ ವಿವರಗಳನ್ನು ಇಲ್ಲಿ ಸ್ವಲ್ಪ ಬದಲಿಸಿ ಹೇಳುತ್ತೇವೆ. ಹಳೆಯ ಗಡಿಯಾರ ರಿಪೇರಿಯ ಅಂಗಡಿ ಎಂದಿಟ್ಟುಕೊಳ್ಳಿ. ಗೂಟಕ್ಕೆ ಒಂದು ಕೋಟು ತೂಗುಹಾಕಿತ್ತು. ಅದರ ಒಳಕಿಸೆಯಲ್ಲಿ ಕೈಯಾಡಿಸಿದಾಗ ಕಿರುಬೆರಳಿಗಿಂತ ಚಿಕ್ಕದಾದ ಒಂದು ಕೀಲಿಕೈ ನಮಗೆ ಸಿಕ್ಕಿತು. ಯಾರೂ ನೋಡಲಿಲ್ಲ. ನಾವು ಅದನ್ನು ನಮ್ಮ ಪ್ಯಾಂಟಿನ ಕಿಸೆಗೆ ಇಳಿಸಿದೆವು.

ಆಮೇಲೆ ನಾವು ಮಾಡಿದ್ದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಗೋಡೆಗೆ ಬೆನ್ನು ಹಾಕಿಕೊಂಡು, ಏನೋ ಯೋಚಿಸುತ್ತಿರುವವರಂತೆ ನಟಿಸುತ್ತ, ಒಂದೊಂದೇ ಬೀಗದ ಹತ್ತಿರ ಹೋಗಿ ಕೀಲಿಕೈ ಹಾಕಿ ನೋಡಿದೆವು. ಯಾವುದಕ್ಕೂ ಹೊಂದಲಿಲ್ಲ. ಇನ್ನೊಂದು ಮೂಲೆಯಲ್ಲಿ ಹುಡುಗ ಒಂದು ಪುಟ್ಟ ಮರದ ಡಬ್ಬಿಯನ್ನು ಹಿಡಿದು ಅದರ ನೆತ್ತಿಯ ಮೇಲಿನ ಚಿತ್ರಗಳಿಗೂ ಗೋಡೆಯ ಗಡಿಯಾರಗಳಿಗೂ ಸಂಬಂಧ ಕಲ್ಪಿಸಲು ಹೆಣಗುತ್ತಿದ್ದ. ಮನೆಯವರು ಅವನಿಗೆ ನೆರವಾಗುತ್ತಿದ್ದರು. ಹುಡುಗಿಯರಿಬ್ಬರೂ ನೆಲದ ಮೇಲೆ ಕೂತು ಆ ಚಿತ್ರಗಳ ಲೆಕ್ಕವನ್ನೇ ಬರೆಯುತ್ತಿದ್ದರು. ಡಬ್ಬಿಯ ಹಿಂಬದಿಯಲ್ಲಿ ಕೀಲಿಕೈಗೆ ಒಂದು ರಂಧ್ರವಿತ್ತು. ಕೀಲಿಕೈ ಇದೆಯೆಂದು ಗೊತ್ತಿಲ್ಲದ ಅವರು ಅದನ್ನು ಬರೀ ಅಲಂಕಾರವೆಂದು ತಿಳಿದಿದ್ದರು. ಡಬ್ಬಿ ನೋಡದ ನಾವು ಕೀಲಿಕೈ ಯಾವುದಕ್ಕೂ ಅಲ್ಲವೆಂದು ತಿಳಿದಿದ್ದೆವು. ಕೊನೆಗೆ ಗೋಡೆಯ ಸ್ಪೀಕರಿನಿಂದ ಹಿಂದಿಯಲ್ಲಿ ಒಂದು ಹೆಣ್ಣುದನಿ ಬಂತು: "ದಯವಿಟ್ಟು ಎಲ್ಲರೂ ಒಮ್ಮೆ ನಿಮ್ಮ ನಿಮ್ಮ ಕಿಸೆ ನೋಡಿಕೊಳ್ಳಿ."

ಎಲ್ಲರೂ ಕಿಸೆ ಮುಟ್ಟಿಕೊಂಡರು. ನಮ್ಮ ಕೈ ಮಾತ್ರ ನಿಧಾನವಾಗಿ ಹೊರಬಂತು. ಹುಡುಗ ದೊಡ್ಡವರ ಮರ್ಯಾದೆಗೆ "ಮಾವಾ, ಸಿಕ್ತಲ್ರೀ!" ಎಂದು ಉತ್ಸಾಹ ತೋರಿಸಿದ. ನಮ್ಮ ಮನೆಯವರು ಅಷ್ಟು ಸುಲಭಕ್ಕೆ ಬಿಡಲಿಲ್ಲ. "ಇಷ್ಟೊತ್ತು ಕಿಸೆದಾಗ ಇಟ್ಕೊಂಡು ಏನ್ ಮಾಡ್ಲಿಕ್ಕೆ ಹತ್ತಿದ್ರಿ?" ಎಂದರು. ಉತ್ತರ ನಮ್ಮಲ್ಲಿ ಇರಲಿಲ್ಲ.

ಗಂಟೆ ಬಾರಿಸಿದಾಗ ನಾವು ಕೊನೆಯ ಒಗಟಿನ ಮುಂದೆ ನಿಂತಿದ್ದೆವು; ಇನ್ನು ಐದು ನಿಮಿಷ ಸಿಕ್ಕಿದ್ದರೆ ಅದೂ ಮುಗಿಯುತ್ತಿತ್ತು. ಬಾಗಿಲು ತೆಗೆದು ಒಳಗೆ ಬಂದ ಗೇಮ್ ಮಾಸ್ಟರ್ ಹುಡುಗಿಗೆ ಇಪ್ಪತ್ತೆರಡು ಇಪ್ಪತ್ಮೂರು ವರ್ಷವಿರಬಹುದು. ಕೀಲಿಕೈ 19ನೆಯ ನಿಮಿಷದಲ್ಲಿ ಸಿಕ್ಕಿತ್ತೆಂದೂ, ಡಬ್ಬಿಗೆ ಬಿದ್ದದ್ದು 34ನೆಯ ನಿಮಿಷದಲ್ಲೆಂದೂ ಹೇಳಿದಳು. ಆಮೇಲೆ ನಗುತ್ತ, ಹೆಚ್ಚುಕಡಿಮೆ ಎಲ್ಲ ತಂಡಗಳಲ್ಲಿಯೂ ಒಬ್ಬರು ಹೀಗೆ ಇದ್ದೇ ಇರುತ್ತಾರೆ ಅಂಕಲ್, ಬಹಳ ಸಲ ಅವರು ಮನೆಯ ಹಿರಿಯರೇ ಆಗಿರುತ್ತಾರೆ ಎಂದಳು. ಸಮಾಧಾನಕ್ಕೆ ಹೇಳಿದ ಮಾತು ಅದು. ನಮಗೆ ಸಮಾಧಾನವಾಗಲಿಲ್ಲ.

ನಾವು ಸುಳ್ಳು ಹೇಳಿರಲಿಲ್ಲ. ಕೀಲಿಕೈ ಸಿಕ್ಕಿದೆಯೇ ಎಂದು ಯಾರೂ ಕೇಳಿರಲಿಲ್ಲ, ನಾವು ಇಲ್ಲವೆಂದಿರಲಿಲ್ಲ. ಕದ್ದೂ ಇರಲಿಲ್ಲ, ಅದು ಆ ಕೋಣೆಯಲ್ಲಿಯೇ ಇತ್ತು. ಹಾಗಾದರೆ ನಾವು ಮಾಡಿದ ತಪ್ಪಿಗೆ ಹೆಸರೇನು? ಗೊತ್ತಿದ್ದದ್ದನ್ನು ಹೇಳದೆ ಇರುವುದು ತಪ್ಪೇ? ಶಾಲೆಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬೇಡಿರೆಂದು ಕಲಿಸುತ್ತೇವೆ, ಸುಮ್ಮನಿರಬೇಡಿರೆಂದು ಕಲಿಸಿದ್ದು ನೆನಪಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಬೇರೆ ಹೇಳಿಕೊಡುತ್ತೇವೆ.

ಆ ರಾತ್ರಿ ಕೂತು ನಮ್ಮನ್ನು ನಾವೇ ವಿಚಾರಿಸಿಕೊಂಡಾಗ ಮೂರು ಕಾರಣಗಳು ಕಂಡವು. ಮೊದಲನೆಯದು ಹಿರಿಮೆಯ ಆಸೆ: ಸರಿಯಾದ ಬೀಗ ಹುಡುಕಿ, ತೆಗೆದು, ಆಮೇಲೆ ಎಲ್ಲರನ್ನೂ ಕರೆಯಬೇಕು, ಮಗಳು ಚಪ್ಪಾಳೆ ತಟ್ಟಬೇಕು. ಎರಡನೆಯದು ಇದಕ್ಕೆ ತದ್ವಿರುದ್ಧವಾದ ಭಯ: ಕೂಗಿ ಹೇಳಿದ ಮೇಲೆ ಕೀಲಿಕೈ ಯಾವುದಕ್ಕೂ ಹೊಂದದಿದ್ದರೆ ಹುಡುಗರು ನಗುತ್ತಾರೆ. ಮೂರನೆಯದು ಎಲ್ಲಕ್ಕಿಂತ ಆಳದ್ದು, ಅದು ಅಭ್ಯಾಸ. ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದ ಕೈಗೆ ಸಿಕ್ಕಿದ್ದನ್ನು ಖಾನೆಯಲ್ಲಿ ಹಾಕಿ ಮುಚ್ಚುವುದು ಉಸಿರಾಡಿದಷ್ಟು ಸಹಜವಾಗಿಬಿಟ್ಟಿದೆ.

ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ನಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹಿರಿಯರಿದ್ದರು. ಯಾವ ಸುತ್ತೋಲೆ ಯಾವ ವರ್ಷದ್ದು, ಯಾವ ಕಡತ ಯಾವ ಕಪಾಟಿನಲ್ಲಿ ಎಂಬುದು ಅವರೊಬ್ಬರಿಗೇ ಗೊತ್ತು. ಸಾಹೇಬರೂ ಅವರನ್ನು ಕರೆದು ಕೂಡಿಸಿ ಕೇಳುತ್ತಿದ್ದರು. ಕೆಟ್ಟವರಲ್ಲ, ಲಂಚ ಮುಟ್ಟಿದವರಲ್ಲ, ಕೇಳಿದ್ದಕ್ಕೆ ಉತ್ತರ ಕೊಡುವರು, ಕೇಳದ್ದನ್ನು ಹೇಳರು. ಒಮ್ಮೆ ಅವರು ಕಾಯಿಲೆ ಬಿದ್ದು ನಾಲ್ಕು ತಿಂಗಳು ರಜೆಯಲ್ಲಿ ಉಳಿದರು. ಆ ನಾಲ್ಕು ತಿಂಗಳೂ ತೀರಿಹೋದ ನೌಕರನೊಬ್ಬನ ಹೆಂಡತಿ ಕುಟುಂಬ ಪಿಂಚಣಿಗಾಗಿ ವಾರಕ್ಕೊಮ್ಮೆ ಬಂದು ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂರುತ್ತಿದ್ದಳು. ಅವಳ ಗಂಡನ ಸೇವಾ ಪುಸ್ತಕ ಸಿಗುತ್ತಿರಲಿಲ್ಲ. ಅದು ಆ ಹಿರಿಯರ ಕಪಾಟಿನ ಹಿಂದಿನ ಸಾಲಿನಲ್ಲಿ ಭದ್ರವಾಗಿತ್ತು. ಅವರು ಹಿಂದಿರುಗಿ ಬಂದ ದಿನವೇ ತೆಗೆದುಕೊಟ್ಟರು, ತಾವು ಮಾತ್ರ ಹುಡುಕಬಲ್ಲೆವೆಂಬ ಒಂದು ಸಣ್ಣ ಹೆಮ್ಮೆಯೊಂದಿಗೆ. ಅಂದು ನಾವು ಅವರನ್ನು ಮನಸ್ಸಿನಲ್ಲಿಯೇ ಬೈದಿದ್ದೆವು. ಆದರೆ ಅವರಿಂದ ಕಲಿತದ್ದು ಬಹಳವಿದೆ ಎಂದು ಆ ಕೋಣೆಯಲ್ಲಿ ತಿಳಿಯಿತು.

ನಮ್ಮ ಪುರಾಣದಲ್ಲಿಯೂ ಒಂದು ಪಾರಾಗುವ ಕೋಣೆ ಉಂಟಲ್ಲವೇ? ವಾರಣಾವತದ ಅರಗಿನ ಮನೆ. ಪುರೋಚನ ಕಟ್ಟಿದ್ದು, ದುರ್ಯೋಧನ ಕಟ್ಟಿಸಿದ್ದು. ಪಾಂಡವರು ಹೊರಟು ನಿಂತಾಗ ವಿದುರ ಎಲ್ಲರ ಎದುರಿಗೇ ಧರ್ಮರಾಜನಿಗೆ ಒಂದು ಸುಳಿವು ಕೊಟ್ಟ. ಬೇರೆಯವರಿಗೆ ತಿಳಿಯದ ಗೂಢ ಭಾಷೆಯಲ್ಲಿ ಅವನು ಆಡಿದ ಮಾತು ಧರ್ಮರಾಜನೊಬ್ಬನಿಗೆ ಅರ್ಥವಾಯಿತು. ಮುಂದಿನ ಘಟನೆಯನ್ನು ನಾವು ಸಾಮಾನ್ಯವಾಗಿ ಮರೆತುಬಿಡುತ್ತೇವೆ. ಕುಂತಿ ಮಗನನ್ನು ಕೇಳಿದಳು: ವಿದುರ ಏನು ಹೇಳಿದ, ನೀನು ತಿಳಿಯಿತೆಂದೆಯಲ್ಲ, ನಮಗೆ ತಿಳಿಯಲಿಲ್ಲ. ಧರ್ಮರಾಜ ತಾಯಿ ಹೆದರುತ್ತಾಳೆಂದು ಮುಚ್ಚಿಡಲಿಲ್ಲ, ನಾನೊಬ್ಬ ನೋಡಿಕೊಳ್ಳುತ್ತೇನೆ ಎನ್ನಲಿಲ್ಲ. ಬೆಂಕಿಯ ಭಯವಿದೆ, ಎಚ್ಚರದಿಂದಿರಬೇಕೆಂದಿದ್ದಾನೆ ಎಂದು ಬಿಡಿಸಿ ಹೇಳಿದ. ಆಮೇಲೆ ವಿದುರ ಕಳಿಸಿದ ಸುರಂಗದವನು ಬಂದ, ನೆಲದಡಿ ದಾರಿ ಆಯಿತು, ಆರು ಜನರೂ ಪಾರಾದರು.

ಆದರೆ ಅದೇ ಕಥೆಯಲ್ಲಿ ಇನ್ನೂ ಆರು ಜನರಿದ್ದಾರೆ. ಆ ರಾತ್ರಿ ಊಟಕ್ಕೆ ಬಂದು ಅಲ್ಲಿಯೇ ಮಲಗಿದ ಬೇಡರ ಹೆಂಗಸು, ಅವಳ ಐದು ಮಕ್ಕಳು. ಮನೆಗೆ ಬೆಂಕಿ ಬೀಳುವುದೆಂದು ಪಾಂಡವರಿಗೆ ಗೊತ್ತಿತ್ತು, ಇಟ್ಟವರೇ ಅವರು. ಮಲಗಿದ್ದವರಿಗೆ ಯಾರೂ ಹೇಳಲಿಲ್ಲ. ಮರುದಿನ ಸಿಕ್ಕ ಆರು ಹೆಣಗಳನ್ನು ಕಂಡು ಪಾಂಡವರೇ ಸತ್ತರೆಂದು ಜನ ನಂಬಿದರು. ಆ ನಂಬಿಕೆಯಿಂದಲೇ ಪಾಂಡವರು ಉಳಿದರು. ಚಿಕ್ಕಂದಿನಲ್ಲಿ ಹರಿಕಥೆಯಲ್ಲಿ ಇದನ್ನು ಕೇಳಿದಾಗ ದಾಸರು ಈ ಭಾಗವನ್ನು ಬೇಗ ದಾಟಿಸಿಬಿಡುತ್ತಿದ್ದರು. ಈಗ ನಮಗೆ ದಾಟಲು ಆಗುವುದಿಲ್ಲ. ಒಂದೇ ಮನೆ, ಒಂದೇ ರಾತ್ರಿ. ಹೇಳಿದ್ದರಿಂದ ಆರು ಜನ ಬದುಕಿದರು, ಹೇಳದ್ದರಿಂದ ಆರು ಜನ ಸತ್ತರು. ಬಾಯಿ ಬಿಡದವನು ಯಾರಿಗೂ ಏನೂ ಮಾಡಿದಂತಾಗಲಿಲ್ಲ ಎನ್ನುವವರು ಈ ಲೆಕ್ಕವನ್ನು ನೋಡಬೇಕು.

ಹಾಗೆಂದು ಗೊತ್ತಿದ್ದದ್ದನ್ನೆಲ್ಲ ಊರಿಗೆ ಡಂಗುರ ಸಾರಬೇಕೆಂದು ನಾವು ಹೇಳುತ್ತಿಲ್ಲ. ಮೌನದಲ್ಲಿಯೂ ಬೇರೆ ಬೇರೆ ಜಾತಿಗಳಿವೆ. ಗೆಳೆಯ ನಂಬಿ ಹೇಳಿದ ಗುಟ್ಟನ್ನು ಕಾಯುವ ಮೌನವಿದೆ, ವೈದ್ಯರ ಮೌನವಿದೆ, ಕಚೇರಿಯ ಗೋಪ್ಯ ಕಡತದ ಮೌನವಿದೆ. ಇದೇ ಆಟದಲ್ಲಿ ಗೇಮ್ ಮಾಸ್ಟರಿಗೆ ಎಲ್ಲ ಉತ್ತರವೂ ಗೊತ್ತಿರುತ್ತದೆ, ಆದರೂ ಆಕೆ ಒಂದು ತಾಸು ಬಾಯಿ ಮುಚ್ಚಿ ಕೂತಿರುತ್ತಾಳೆ. ಅವಳನ್ನು ಯಾರೂ ದೂರುವುದಿಲ್ಲ. ಆಟವಾಡಿ ಬಂದವರು ಒಗಟಿನ ಉತ್ತರ ಹೊರಗೆ ಹೇಳದಿರುವುದೂ ಸಜ್ಜನಿಕೆಯೇ. ಮುಂದೆ ಬರುವವರ ಸಂತೋಷ ಉಳಿಯುತ್ತದೆ. ಹಾಗಾದರೆ ಅವಳ ಮೌನಕ್ಕೂ ನಮ್ಮದಕ್ಕೂ ಭೇದವೆಲ್ಲಿ?

ನಮಗೆ ಕಂಡದ್ದು ಇಷ್ಟು. ಅವಳು ಸುಮ್ಮನಿರುವಳೆಂದು ಒಳಗಿದ್ದವರಿಗೆಲ್ಲ ಮೊದಲೇ ಗೊತ್ತು, ಅವರು ಒಪ್ಪಿಯೇ ಬಂದವರು. ಕೇಳಿದರೆ ಅವಳು ಹೇಳುತ್ತಾಳೆ. ಅಪಾಯ ಬಂದರೆ ಕೇಳದೆಯೂ ಹೇಳಬೇಕು, ಹೇಳದಿದ್ದರೆ ಅಪರಾಧ. ನಮ್ಮ ಮೌನ ಹಾಗಲ್ಲ. ನಾವು ಮುಚ್ಚಿಟ್ಟಿದ್ದೇವೆಂಬುದೇ ಉಳಿದ ನಾಲ್ವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವರು ಕೇಳುವುದಾದರೂ ಏನನ್ನು? ಇನ್ನೊಂದು ಭೇದ: ಗೆಳೆಯನ ಗುಟ್ಟು ಗೆಳೆಯನ ಬೀಗದ್ದು, ಅದರ ಕೀಲಿಕೈಯನ್ನು ನಮ್ಮ ಹತ್ತಿರ ಜೋಪಾನಕ್ಕೆ ಇಟ್ಟಿದ್ದಾನೆ. ಆದರೆ ಕೋಟಿನಲ್ಲಿ ಸಿಕ್ಕಿದ್ದು ಐದು ಜನರಿಗೂ ಸೇರಿದ ಬೀಗದ ಕೀಲಿಕೈ. ಕೈಗೆ ಮೊದಲು ಸಿಕ್ಕಿದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಆದ್ದರಿಂದ ಸುಮ್ಮನಿರಬೇಕೋ ಹೇಳಬೇಕೋ ಎಂಬ ಸಂದೇಹ ಬಂದಾಗ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕೆಂದು ತೋರುತ್ತದೆ: ಇದು ಯಾರ ಬಾಗಿಲಿನ ಕೀಲಿಕೈ?

ಇಷ್ಟು ಬರೆದು ನಿಲ್ಲಿಸಿದರೆ ನಾವು ಓದುಗರಿಂದಲೂ ಒಂದನ್ನು ಕಿಸೆಯಲ್ಲಿ ಇಟ್ಟುಕೊಂಡಂತಾಗುತ್ತದೆ.

ಆ ಭಾನುವಾರಕ್ಕೆ ಹದಿಮೂರು ದಿನ ಮೊದಲು, ಒಂದು ಸೋಮವಾರ, ಕಚೇರಿಯಲ್ಲಿ ನಮ್ಮ ಕೈಗೆ ಒಂದು ಪತ್ರ ಬಂದಿತ್ತು. ಬಡ್ತಿಯ ಪತ್ರ, ಆದರೆ ನಾಗಪುರಕ್ಕೆ ವರ್ಗ. ಒಪ್ಪಿಗೆಯೋ ಇಲ್ಲವೋ ಹದಿನೈದು ದಿನದಲ್ಲಿ ತಿಳಿಸಬೇಕು. ಬೇಡವೆಂದರೆ ಒಂದು ವರ್ಷ ಮತ್ತೆ ಕರೆಯಿಲ್ಲ, ಕಿರಿಯರು ಮುಂದೆ ಹೋಗುತ್ತಾರೆ. ಮಗಳು ಹನ್ನೆರಡನೆಯ ಇಯತ್ತೆಗೆ ಕಾಲಿಡುವವಳು. ಮನೆಯವರು ಇಲ್ಲಿನ ಒಂದು ಶಾಲೆಯಲ್ಲಿ ಕಲಿಸುತ್ತಾರೆ. ಅವರಿಗೆ ಹೇಳಿ ತಲೆ ಕೆಡಿಸುವುದೇಕೆಂದು ಪತ್ರವನ್ನು ಊಟದ ಡಬ್ಬಿಯ ಚೀಲದಲ್ಲಿ ಮಡಚಿ ಇಟ್ಟೆವು. ಬೇಡವೆಂದು ಬರೆದುಕೊಡುವುದೆಂದು ನಾವೊಬ್ಬರೇ ನಿಶ್ಚಯಿಸಿಯೂ ಆಗಿತ್ತು. ದಿನಾ ಚೀಲ ಹೊತ್ತು ಹೋಗುವುದು, ಹೊತ್ತು ಬರುವುದು. ಮನಸ್ಸಿನಲ್ಲಿ ಒಂದು ರೀತಿಯ ಸುಖವೂ ಇತ್ತೆಂದು ಈಗ ಒಪ್ಪಿಕೊಳ್ಳಬೇಕು. ಇವರಿಗಾಗಿ ನಾವು ಎಷ್ಟು ದೊಡ್ಡದನ್ನು ಬಿಡುತ್ತಿದ್ದೇವೆ, ಇವರಿಗೆ ಗೊತ್ತೂ ಇಲ್ಲ ಎಂಬ ಸುಖ.

ಕೋಣೆಯಿಂದ ಬಂದ ರಾತ್ರಿ ಊಟವಾದ ಮೇಲೆ ಆ ಪತ್ರವನ್ನು ತೆಗೆದು ಮೇಜಿನ ಮೇಲೆ ಇಟ್ಟೆವು. ಮನೆಯವರು ಎರಡು ಸಲ ಓದಿದರು. ಬೈಯಲಿಲ್ಲ. "ಹದಿಮೂರು ದಿನ ಡಬ್ಬಿ ಜೋಡಿ ಇದನ್ನೂ ಹೊತ್ಕೊಂಡು ಅಡ್ಡಾಡಿದ್ರಲ್ಲಾ, ಊಟಾ ಹ್ಯಾಂಗ ರುಚಿಸ್ತು?" ಎಂದಷ್ಟೇ ಕೇಳಿದರು. ಮಗಳು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಅಪ್ಪಾ, ಬಿಡ್ತೀನಂದ್ರ ಬಿಡ್ರಿ. ಆದ್ರ ನನ್ನ ಸಲುವಾಗಿ ಬಿಟ್ಟೆ ಅಂತ ಹತ್ತು ವರ್ಷ ಆದಮ್ಯಾಲ ನನಗ ಹೇಳಬ್ಯಾಡ್ರಿ. ನನ್ನನ್ನ ಕೇಳೇ ಇಲ್ಲ ನೀವು."

ನಾವು ಹತ್ತು ವರ್ಷದ ನಂತರ ಅದನ್ನೇ ಹೇಳುತ್ತಿದ್ದೆವು, ಸಂದೇಹವಿಲ್ಲ. ಅವಳು ಯಾವುದೋ ಪರೀಕ್ಷೆಯಲ್ಲಿ ಕಡಿಮೆ ಅಂಕ ತಂದ ದಿನವೋ, ನಮ್ಮ ಮಾತು ಮೀರಿದ ದಿನವೋ ಆ ಪತ್ರ ಹೊರಗೆ ಬರುತ್ತಿತ್ತು. ನಾವು ತ್ಯಾಗವೆಂದು ತಿಳಿದದ್ದು ಅವಳಿಗೆ ಹೇಳದೆ ಅವಳ ಹೆಸರಿನಲ್ಲಿ ಬರೆದಿಟ್ಟ ಸಾಲವಾಗಿತ್ತು. ನಮ್ಮಂಥ ಎಷ್ಟು ಮನೆಗಳಲ್ಲಿ ಹೀಗೆ ನಡೆಯುವುದಿಲ್ಲ! ಊರು ಬಿಟ್ಟು ಬಂದವರು ನಾವು. ಸಾಲ, ಕಾಯಿಲೆ, ಊರಿನ ಮನೆಯ ತಕರಾರು, ಎಲ್ಲವನ್ನೂ ಮಕ್ಕಳಿಂದ ಮುಚ್ಚಿಟ್ಟು ಬೆಳೆಸುತ್ತೇವೆ. ಊರಿಗೆ ಫೋನು ಮಾಡಿದಾಗ ಇಲ್ಲಿಯದನ್ನು ಅಲ್ಲಿಗೆ ಹೇಳುವುದಿಲ್ಲ, ಅಲ್ಲಿಯವರು ಅಲ್ಲಿಯದನ್ನು ಇಲ್ಲಿಗೆ ಹೇಳುವುದಿಲ್ಲ. ಎಲ್ಲರೂ ಎಲ್ಲರ ಮೇಲಿನ ಪ್ರೀತಿಯಿಂದಲೇ ಸುಮ್ಮನಿರುತ್ತಾರೆ. ಕೊನೆಗೆ ಒಂದು ದಿನ ತಂದೆ ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದರೆಂಬ ಸುದ್ದಿ ಮಗನಿಗೆ ನೆರೆಯವರಿಂದ ತಿಳಿಯುತ್ತದೆ.

ಅಂದು ರಾತ್ರಿ ಹನ್ನೊಂದರವರೆಗೆ ಮೂವರೂ ಕೂತೆವು. ನಮಗೆ ಗೊತ್ತಿಲ್ಲದ ಎಷ್ಟೋ ತುಣುಕುಗಳು ಹೊರಬಂದವು. ನಾವಿಲ್ಲದೆ ಒಂದು ವರ್ಷ ಮನೆ ನಡೆಸಬಲ್ಲೆನೆಂದು ಮನೆಯವರು ಹೇಳಿದರು. ಸಂಬಳದ ಲೆಕ್ಕವನ್ನೂ ಅವರೇ ಹಾಕಿ ತೋರಿಸಿದರು. ಮುಂಬಯಿ ಬಿಡುವುದಕ್ಕೆ ಮಗಳಿಗೆ ನಾವು ಊಹಿಸಿದಷ್ಟು ದುಃಖವಿರಲಿಲ್ಲ. ಕಾಲೇಜು ಬೇರೆ ಊರಲ್ಲಿ ಓದಬೇಕೆಂಬ ಆಸೆ ಅವಳ ಕಿಸೆಯಲ್ಲಿಯೂ ಮಡಚಿಕೊಂಡು ಕೂತಿತ್ತು. ಮಂಗಳವಾರ ಒಪ್ಪಿಗೆಯ ಪತ್ರ ಕೊಟ್ಟೆವು. ಜೂನ್ ತಿಂಗಳಿಂದ ನಾವೊಬ್ಬರೇ ನಾಗಪುರದಲ್ಲಿದ್ದೇವೆ. ಮಗಳ ಹನ್ನೆರಡನೆಯದು ಮುಗಿಯುವವರೆಗೆ ಅವರಿಬ್ಬರು ಅಲ್ಲಿ. ಕಷ್ಟವಿಲ್ಲವೆಂದು ಹೇಳುವುದಿಲ್ಲ, ಕೈಅಡುಗೆ ಉಣ್ಣುವವರಿಗೇ ಗೊತ್ತು. ನಿರ್ಧಾರ ಸರಿಯೋ ತಪ್ಪೋ ಇನ್ನೂ ತಿಳಿಯದು. ಸರಿಯಾದರೂ ತಪ್ಪಾದರೂ ಅದು ಮೂವರದು.

ಸಂಘದ ಬಂಧುಗಳಲ್ಲಿ ಯಾರಾದರೂ ಈ ಆಟಕ್ಕೆ ಮೊದಲ ಸಲ ಹೋಗುವವರಿದ್ದರೆ ಅವಶ್ಯ ಹೋಗಿ. ಮಕ್ಕಳೊಡನೆ ಒಂದು ತಾಸು ಫೋನಿಲ್ಲದೆ, ಟಿವಿಯಿಲ್ಲದೆ, ಒಂದೇ ಕೆಲಸದ ಮೇಲೆ ತಲೆ ಕೂಡಿಸುವುದು ಈಗಿನ ದಿನಗಳಲ್ಲಿ ಅಪರೂಪ. ಒಳಗೆ ಹೋಗುವ ಮೊದಲು ಬಾಗಿಲು ಒಳಗಿನಿಂದ ತೆರೆಯುವುದನ್ನು ಕಣ್ಣಾರೆ ನೋಡಿ. ಒಳಗೆ ಹೋದ ಮೇಲೆ ಸಿಕ್ಕಿದ್ದನ್ನು ಮೇಜಿನ ಮೇಲೆ ಇಡಿ. ಅರ್ಧ ತಾಸು ಕಳೆದರೂ ಒಗಟು ಬಿಡದಿದ್ದರೆ ಗೋಡೆ, ಗಡಿಯಾರ, ಡಬ್ಬಿ ಎಲ್ಲವನ್ನೂ ಹುಡುಕುವ ಮೊದಲು ಮನೆಯ ಹಿರಿಯರ ಕಿಸೆಯನ್ನು ಒಮ್ಮೆ ಹುಡುಕಿ.